ಎಲ್.ಟಿ.ಸಿ.ಯಲ್ಲಿ ಸಫಾರಿ

ಸಫಾರಿ ಎಂಬ ಶಬ್ದ ನಮ್ಮ ಮನೆಗೆ ಮೊದಲು ಬಂದದ್ದು ಬಟ್ಟೆಯ ರೂಪದಲ್ಲಿ. ನನ್ನ ತಂದೆಯವರು ಫೋರ್ಟಿನ ಒಂದು ಖಾಸಗಿ ಕಚೇರಿಯಲ್ಲಿ ಪ್ಯೂನ್ ಆಗಿದ್ದರು. 1980ರ ದಶಕದಲ್ಲಿ ಸಾಹೇಬರೆಲ್ಲ ಅರ್ಧ ತೋಳಿನ, ನಾಲ್ಕು ಜೇಬಿನ ಸಫಾರಿ ಸೂಟು ತೊಟ್ಟು ಬರುತ್ತಿದ್ದ ಕಾಲ ಅದು. ಒಂದು ದೀಪಾವಳಿಯ ಬೋನಸ್ಸಿನಲ್ಲಿ ಅಪ್ಪನೂ ಬೂದು ಬಣ್ಣದ ಸಫಾರಿಯೊಂದನ್ನು ಹೊಲಿಸಿಕೊಂಡರು. ಸಂಘದ ರಾಜ್ಯೋತ್ಸವಕ್ಕೆ ಅದು, ಊರ ಕಡೆಯವರ ಮದುವೆಗೆ ಅದು, ನನ್ನ ಬಿ.ಎಸ್‌ಸಿ. ಫಲಿತಾಂಶ ಬಂದ ದಿನ ಸಿದ್ಧಿವಿನಾಯಕನ ಗುಡಿಗೆ ಹೋಗಲೂ ಅದೇ. ಮಿಕ್ಕ ದಿನಗಳಲ್ಲಿ ನುಸಿಗುಳಿಗೆಗಳ ಜೊತೆ ಟ್ರಂಕಿನಲ್ಲಿ ಅದರ ವಾಸ. ಆ ಸೂಟು ತೊಟ್ಟು ಅಪ್ಪ ಕಾಡಿನ ಕಡೆಗೆ ಒಮ್ಮೆಯೂ ಹೋಗಲಿಲ್ಲ. ಸಫಾರಿ ಎಂಬುದು ಆಫ್ರಿಕದ ಸ್ವಾಹಿಲಿ ಭಾಷೆಯ ಶಬ್ದವೆಂದೂ, ಅದಕ್ಕೆ ಬರಿಯ ‘ಪ್ರಯಾಣ’ ಎಂದಷ್ಟೇ ಅರ್ಥವೆಂದೂ, ಅದರ ಬೇರು ಅರಬ್ಬಿಯ ‘ಸಫರ್’ನಲ್ಲಿದೆಯೆಂದೂ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಹಾಗೆ ನೋಡಿದರೆ ಇಪ್ಪತ್ತೆಂಟು ವರ್ಷ ವಿರಾರ್ ಲೋಕಲಿನಲ್ಲಿ ನಿಂತು ಹೋಗಿ ನಿಂತು ಬಂದ ಅಪ್ಪ ಮಾಡಿದ್ದೂ ಸಫಾರಿಯೇ ಎನ್ನಬೇಕು.

ಆ ಶಬ್ದ ಎರಡನೆಯ ಸಲ ಮನೆಗೆ ಬಂದದ್ದು 2022ರ ಡಿಸೆಂಬರಿನಲ್ಲಿ. ನನ್ನ ಹೆಂಡತಿಯ ಅಣ್ಣ ನೈರೋಬಿಯಲ್ಲಿ ಕೆಲಸದಲ್ಲಿದ್ದಾರೆ. ರಜೆಗೆಂದು ಸಂಸಾರ ಸಮೇತ ಬಂದವರು ಬೋರಿವಲಿಯ ನಮ್ಮ ಮನೆಯಲ್ಲಿ ಎರಡು ದಿನ ಉಳಿದರು. ಅವರ ಮಕ್ಕಳ ಮೊಬೈಲಿನಲ್ಲಿ ಇಡೀ ಮಸಾಯಿ ಮಾರಾ ತುಂಬಿತ್ತು. ಜೀಪಿನ ನೆರಳಿನಲ್ಲಿ ಮಲಗಿದ ಸಿಂಹ, ಮುಳ್ಳು ಮರದ ತುದಿಯನ್ನು ಮೇಯುವ ಜಿರಾಫೆ, ನದಿಗೆ ಧುಮುಕುವ ಸಾವಿರಾರು ವಿಲ್ಡ್‌ಬೀಸ್ಟ್‌ಗಳು. ಆಗ ಎಂಟನೆಯ ತರಗತಿಯಲ್ಲಿದ್ದ ನನ್ನ ಮಗ ಎರಡು ದಿನ ಊಟ ಮರೆತು ನೋಡಿದ. ಅವರು ವಿಮಾನ ಹತ್ತಿದ ರಾತ್ರಿಯೇ ನನ್ನ ಮುಂದೆ ಬಂದು ನಿಂತ.

“ಪಪ್ಪಾ, ನಾವು ಯಾವಾಗ ಆಫ್ರಿಕಾಕ್ಕೆ ಹೋಗೋದು?”

ಮಾಟುಂಗಾಕ್ಕೆ ಯಾವಾಗ ಹೋಗೋದು ಎಂದು ಕೇಳಿದ ಹಾಗಿತ್ತು ಅವನ ಧ್ವನಿ.

ಲೆಕ್ಕ ಬರೆಯುವುದು ನನ್ನ ವೃತ್ತಿ. ಹಳೆಯ ಲಕೋಟೆಯೊಂದರ ಹಿಂದೆ ಬರೆದು ನೋಡಿದೆ. ಐದು ಜನರ ವಿಮಾನದ ಟಿಕೆಟು, ವೀಸಾ, ಹಳದಿ ಜ್ವರದ ಚುಚ್ಚುಮದ್ದು, ಕಾಡಿನ ಬಿಡಾರದ ಬಾಡಿಗೆ, ಜೀಪು. ಕೂಡಿಸುವ ಗೋಜಿಗೆ ಹೋಗದೆ ಲಕೋಟೆಯನ್ನು ಮಡಿಸಿಟ್ಟೆ. ಕೇಂದ್ರ ಸರ್ಕಾರದ ಗುಮಾಸ್ತನಿಗೆ ಪ್ರವಾಸವೆಂದರೆ ಎಲ್.ಟಿ.ಸಿ. ಎರಡು ವರ್ಷಕ್ಕೊಮ್ಮೆ ಸ್ವಂತ ಊರಿಗೆ, ನಾಲ್ಕು ವರ್ಷದಲ್ಲಿ ಒಮ್ಮೆ ಭಾರತದ ಯಾವ ಮೂಲೆಗಾದರೂ ಹೋಗಬಹುದು. ನಿಯಮದ ಪ್ರಕಾರ ಸಮುದ್ರ ದಾಟಿದರೂ ಅಂದಮಾನ್, ಲಕ್ಷದ್ವೀಪದ ತನಕ. ಮುಂಬಯಿಯಿಂದ ನೈರೋಬಿಗೆ ನೇರ ವಿಮಾನದಲ್ಲಿ ಸುಮಾರು ಆರು ತಾಸು. ನಮ್ಮ ಉದ್ಯಾನ ಎಕ್ಸ್‌ಪ್ರೆಸ್ ಬೆಂಗಳೂರು ಮುಟ್ಟಲು ಒಂದು ಹಗಲು, ಒಂದು ರಾತ್ರಿ. ಆದರೂ ಆಫ್ರಿಕವೇ ದೂರ.

ಮಗನನ್ನು ಸಮಾಧಾನ ಮಾಡಲು ಮರುವಾರ ಎಲ್ಲರನ್ನೂ ನಮ್ಮ ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋದೆ. ಮಹಾನಗರದ ಮಗ್ಗುಲಿಗೇ ಅಂಟಿಕೊಂಡು ಇಂಥ ಕಾಡು ಇರುವುದು ಸಾಮಾನ್ಯ ಸಂಗತಿಯಲ್ಲ. ನೈರೋಬಿಯ ಅಂಚಿನಲ್ಲಿ 1946ರಲ್ಲಿ ಆದ ರಾಷ್ಟ್ರೀಯ ಉದ್ಯಾನ 117 ಚದರ ಕಿಲೋಮೀಟರು. ನಮ್ಮದು ಸುಮಾರು 104. “ನಿನ್ನ ಮಾವನ ಊರಿಗೂ ನಮ್ಮ ಊರಿಗೂ ಹದಿಮೂರೇ ಕಿಲೋಮೀಟರಿನ ವ್ಯತ್ಯಾಸ ನೋಡು” ಎಂದೆ. ಜಾಲರಿ ಹಾಕಿದ ಕಿಟಕಿಯ ಬಸ್ಸು ಬೇಲಿಯೊಳಗಿನ ಸಿಂಹ, ಬೇಲಿಯೊಳಗಿನ ಹುಲಿಗಳನ್ನು ತೋರಿಸಿ ಅರ್ಧ ತಾಸಿನೊಳಗೆ ಇಳಿಸಿತು. ಆಗಷ್ಟೇ ಗುಜರಾತಿನಿಂದ ಬಂದ ಹೊಸ ಸಿಂಹದ ಜೋಡಿಯ ಸುದ್ದಿ ಪತ್ರಿಕೆಯಲ್ಲಿತ್ತು. ಮಗ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ: “ಇದು ಸಫಾರಿ ಅಲ್ಲ ಪಪ್ಪಾ, ಬೆಸ್ಟ್ ಬಸ್ಸು.”

ಅವನದು ಪೂರ್ತಿ ತಪ್ಪಲ್ಲ. ಆ ಉದ್ಯಾನದ ನಿಜವಾದ ಕಾಡುಪ್ರಾಣಿ ಚಿರತೆ. 2015ರಲ್ಲಿ ಕ್ಯಾಮೆರಾ ಕಟ್ಟಿ ಎಣಿಸಿದಾಗ 35 ಚಿರತೆಗಳು ಸಿಕ್ಕಿದ್ದವು. ಅವು ಟಿಕೆಟು ಕೊಂಡವರಿಗೆ ಕಾಣಿಸುವುದಿಲ್ಲ. ರಾತ್ರಿ ಆರೇ ಕಾಲನಿಯ ಓಣಿಯಲ್ಲಿ ನಾಯಿಯನ್ನು ಹುಡುಕಿಕೊಂಡು ಬಂದಾಗ ಕಾವಲುಗಾರನಿಗೆ ಕಾಣಿಸುತ್ತವೆ.

ಅಂದು ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡತಿ ಒಂದು ಮಾತು ಹೇಳಿದಳು: “ಅಲ್ಲಾರೀ, ಜನ ಇಲ್ಲಿಂದ ದುಡ್ಡು ಸುರಿದು ಕಬಿನಿಗೆ ಹೋಗ್ತಾರೆ. ಅದು ನಿಮ್ಮ ಊರ ಕಡೆಯೇ ಅಲ್ವಾ? ಎಲ್.ಟಿ.ಸಿ.ಯಲ್ಲಿ ಮೈಸೂರಿಗೆ ಹೇಗೂ ಹೋಗಬಹುದು. ಅಲ್ಲಿಂದ ಎರಡು ತಾಸು.”

ಆಕೆ ಉಡುಪಿಯ ಕಡೆಯವಳು, ಹುಟ್ಟಿ ಬೆಳೆದದ್ದು ಇಲ್ಲಿ. ಹೊರಲೆಕ್ಕಕ್ಕೆ ಅವಳು ಹೇಳಿದ್ದು ಸರಿಯೇ. ಆದರೆ ಮಜ್ಜಿಗೆ ಬಡಿಸುತ್ತಿದ್ದ ಅಮ್ಮ ಪಾತ್ರೆಯನ್ನು ಅಲ್ಲೇ ಇಟ್ಟು ಒಳಕ್ಕೆ ಹೋದರು.

ಇಲ್ಲಿ ಸ್ವಲ್ಪ ಹಿಂದಿನದನ್ನು ಹೇಳಬೇಕು. ನನ್ನ ಅಪ್ಪ ಅಮ್ಮ ಇಬ್ಬರೂ ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದೇ ಹಳ್ಳಿಯವರು. ಹಳ್ಳಿಯ ಹೆಸರನ್ನು ಬರೆಯುವುದಿಲ್ಲ, ಬರೆದರೂ ಈಗಿನ ನಕ್ಷೆಯಲ್ಲಿ ನಿಮಗೆ ಸಿಗಲಾರದು. ಕಬಿನಿ ನದಿಗೆ ಬೀಚನಹಳ್ಳಿ, ಬಿದರಹಳ್ಳಿಗಳ ನಡುವೆ ಅಣೆಕಟ್ಟಿನ ಕೆಲಸ 1959ರಲ್ಲಿ ಆರಂಭವಾಗಿ 1974ರಲ್ಲಿ ಮುಗಿಯಿತು. ತುಂಬಿದಾಗ ನೀರಿನ ಮಟ್ಟ 2,284 ಅಡಿ, ಹಿಡಿಯುವ ನೀರು 19.52 ಟಿ.ಎಂ.ಸಿ. ಆ ನೀರಿನಡಿಗೆ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ಹೋದವು. ಒಂದೂವರೆ ಸಾವಿರ ವರ್ಷದ ಹಿಂದೆ ಪುನ್ನಾಟವೆಂಬ ರಾಜ್ಯದ ರಾಜಧಾನಿಯಾಗಿದ್ದ ಕೀರ್ತಿಪುರ, ಜನರ ಬಾಯಲ್ಲಿ ಕಿತ್ತೂರು, ಅದೂ ಇದೇ ನದಿಯ ದಂಡೆಯದು. ರಾಜಧಾನಿಯ ಚರಿತ್ರೆಯನ್ನು ಪಂಡಿತರು ಬರೆದಿಟ್ಟಿದ್ದಾರೆ. ನಮ್ಮ ಹಳ್ಳಿಯ ಚರಿತ್ರೆ ಅಮ್ಮನ ತಲೆಯಲ್ಲಿ ಮಾತ್ರ ಇತ್ತು. ಅದನ್ನು ಅವರು ತೆಗೆಯುತ್ತಿರಲಿಲ್ಲ.

ಪರಿಹಾರದ ಹಣ ಬಂತು, ಖರ್ಚಾಯಿತು. ನೆಂಟರು ಕೆಲವರು ಹುಣಸೂರಿನ ಕಡೆಗೆ, ಕೆಲವರು ಮೈಸೂರಿಗೆ ಹೋದರು. ಅಪ್ಪ ಪರಿಚಯದವರೊಬ್ಬರ ಕೈಹಿಡಿದು ಮುಂಬಯಿಗೆ ಬಂದರು. ಮರುವರ್ಷ ಮದುವೆಯಾಗಿ ಇಪ್ಪತ್ತು ವಯಸ್ಸಿನ ಅಮ್ಮನೂ ಬಂದು ದಹಿಸರದ ಚಾಳಿನ ಒಂದು ಖೋಲಿಯಲ್ಲಿ ಒಲೆ ಹೂಡಿದರು. ಮದುವೆ ಮುಂಜಿಗೆಂದು ಮೈಸೂರಿಗೆ ಎಷ್ಟೋ ಸಲ ಹೋಗಿ ಬಂದದ್ದುಂಟು. ಆದರೆ ಕೋಟೆಯ ದಾರಿಗೆ ಇಬ್ಬರೂ ಕಾಲಿಡಲಿಲ್ಲ. 2009ರಲ್ಲಿ ಅಪ್ಪ ತೀರಿಕೊಂಡರು.

ನಮ್ಮ ಮನೆಯಲ್ಲಿ ಕನ್ನಡ ವಾರ್ತೆ ತಪ್ಪುವುದಿಲ್ಲ. ಕೇರಳದ ವಯನಾಡಿನಲ್ಲಿ ಮಳೆ ಹಿಡಿಯಿತೆಂದರೆ ರಾಜ್ಯದ ಬೇರೆ ದೊಡ್ಡ ಅಣೆಕಟ್ಟುಗಳಿಗಿಂತ ಮೊದಲೇ ಕಬಿನಿ ತುಂಬುವುದು ವಾಡಿಕೆ. ಜುಲೈ ತಿಂಗಳಲ್ಲಿ ಟಿ.ವಿ.ಯವನು “ಕಬಿನಿ ಭರ್ತಿ, ರೈತರ ಮೊಗದಲ್ಲಿ ಹರ್ಷ” ಎನ್ನುತ್ತಾನೆ. ಆ ಮಾತು ಬಂದ ಕೂಡಲೇ ಅಮ್ಮನಿಗೆ ಅಡಿಗೆಮನೆಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಇದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ, ಕೇಳಿರಲಿಲ್ಲ.

ಇನ್ನೊಂದು ಸಂಗತಿ ನೌಕರಿಯದು. ಸರ್ಕಾರಿ ಕೆಲಸಕ್ಕೆ ಸೇರಿದಾಗ ‘ಸ್ವಂತ ಊರು’ ಯಾವುದೆಂದು ಬರೆದುಕೊಡಬೇಕು; ಅದು ಸರ್ವಿಸ್ ಬುಕ್ಕಿಗೆ ಏರುತ್ತದೆ. ನಾನು ಹುಟ್ಟಿದ್ದು ಮುಂಬಯಿಯಲ್ಲಿ. ತಂದೆಯ ಊರು ನೀರಿನಲ್ಲಿ. ಮೇಜಿನಾಚೆಯ ಹಿರಿಯ ಗುಮಾಸ್ತರು ಅವಸರ ಮಾಡಿದಾಗ ‘ಮೈಸೂರು’ ಎಂದು ಬರೆದೆ. ಅಲ್ಲಿ ನಮಗೆ ಒಂದಡಿ ಜಾಗವಿಲ್ಲ. ಹದಿನೆಂಟು ವರ್ಷದಿಂದ ನನ್ನ ಕಾಗದಪತ್ರಗಳಲ್ಲಿ ನಾನು ಮೈಸೂರಿನವನು.

ಮರುದಿನ ಅಮ್ಮನನ್ನು ಕೇಳಿದೆ.

“ಬ್ಯಾಡ ಕಣಪ್ಪ. ನೋಡಕ್ಕೆ ಏನದೆ ಅಲ್ಲಿ? ನೀರು. ನೀರು ನೋಡಕ್ಕೆ ಅಷ್ಟು ದೂರ ಯಾಕೆ ಹೋಗಬೇಕು, ಗೊರಾಯಿ ಖಾಡಿಯಲ್ಲಿ ಇಲ್ವಾ? ನೀವು ಹೋಗ್ಬನ್ನಿ.”

ನಾನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದವಳು ನನ್ನ ಮಗಳು. ಆಗ ಅವಳಿಗೆ ಒಂಬತ್ತು ವರ್ಷ. ಹೇಗೋ ವಿಷಯ ಕೇಳಿಸಿಕೊಂಡು ಅಜ್ಜಿಯ ಬೆನ್ನು ಬಿದ್ದಳು. “ಅಜ್ಜಿ, ನಿಮ್ಮ ಮನೆ ನೀರಿನೊಳಗೆ ಇದೆಯಾ? ಬಾಗಿಲಿನಿಂದ ಮೀನು ಒಳಗೆ ಬರ್ತಾವಾ? ನಿಮ್ಮ ಒಲೆ ಕೂಡ ಇದೆಯಾ?” ಇದೆ ಎನ್ನಲೂ ಆಗದೆ, ಇಲ್ಲ ಎನ್ನಲೂ ಆಗದೆ ಅಮ್ಮ ನಕ್ಕುಬಿಟ್ಟರು. ರೈಲಿನ ಸೀಟು ಕಾದಿರಿಸುವ ಹಿಂದಿನ ರಾತ್ರಿ ನನ್ನ ಹತ್ತಿರ ಬಂದು, “ನನ್ನ ಹೆಸರೂ ಬರೆಸು ಮಗ” ಎಂದರು. ಯಾಕೆ ಎಂದು ನಾನು ಕೇಳಲಿಲ್ಲ.

2023ರ ಮೇ ತಿಂಗಳ ನಡುವೆ ಹೊರಟೆವು. ಕರ್ನಾಟಕದಲ್ಲಿ ವಿಧಾನಸಭೆಯ ಚುನಾವಣೆ ಆಗತಾನೆ ಮುಗಿದಿತ್ತು. ಕಲಬುರಗಿ ದಾಟುವಾಗ ಡಬ್ಬಿಯೊಳಗೆಲ್ಲ ರಾಜಕೀಯದ ಮಾತೇ. ಬೆಂಗಳೂರಿನಲ್ಲಿ ರೈಲು ಬದಲಿಸಿ ಮೈಸೂರು ಮುಟ್ಟಿ, ನನ್ನ ಸೋದರತ್ತೆಯ ಮಗನ ಮನೆಯಲ್ಲಿ ಇಳಿದುಕೊಂಡೆವು. ಅಲ್ಲಿಂದ ಮುಂದಿನ ಖರ್ಚು ಸ್ವಂತದ್ದು, ಎಲ್.ಟಿ.ಸಿ. ರೈಲು ಟಿಕೆಟಿನಾಚೆಗೆ ಬರುವುದಿಲ್ಲ. ಕಾರಾಪುರದಲ್ಲಿ ಮಹಾರಾಜರ ಬೇಟೆಯ ಬಂಗಲೆಯಿದ್ದ ಜಾಗದಲ್ಲಿ ಜಂಗಲ್ ಲಾಡ್ಜಸ್‌ನವರು 1980ರ ದಶಕದಲ್ಲಿ ತೆರೆದ ವಸತಿಗೃಹ ಹೆಸರಾದದ್ದು. ಆ ಸಾಲಿನ ಬಿಡಾರಗಳ ಒಂದು ರಾತ್ರಿಯ ಬಾಡಿಗೆ ಕೇಳಿ ಹೆಂಡತಿ ನೈರೋಬಿಯೇ ವಾಸಿ ಎಂದಳು. ಅರಣ್ಯ ಇಲಾಖೆಯ ಬಸ್ಸಿನಲ್ಲಿ ಸೀಟು ಹಿಡಿಯುವುದೆಂದು ತೀರ್ಮಾನವಾಯಿತು. ಮಾರನೆಯ ದಿನ ಬೆಳಿಗ್ಗೆ ಬಾಡಿಗೆಯ ವ್ಯಾನಿನಲ್ಲಿ ಕೋಟೆಯ ದಾರಿ ಹಿಡಿದೆವು.

ದಾರಿಯುದ್ದಕ್ಕೂ ಅಮ್ಮ ಮಾತಾಡಲಿಲ್ಲ. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಗೆ ಬಂದಾಗ ಮಾತ್ರ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಇಲ್ಲೇ ಕೈಮರ ಇತ್ತು” ಎಂದರು. ಹ್ಯಾಂಡ್‌ಪೋಸ್ಟ್ ಎಂದರೆ ಕೈಮರವೇ ಎಂಬುದು ನನಗೆ ಆಗ ಹೊಳೆಯಿತು. ಅಂತರಸಂತೆ ದಾಟಿದ ಮೇಲೆ ಎರಡು ಕಡೆಯೂ ಕಾಡು ಹತ್ತಿರವಾಯಿತು. ಇದು ಕಾಕನಕೋಟೆಯ ಕಾಡು. ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಓದಿದವರಿಗೂ, 1977ರಲ್ಲಿ ಸಿ. ಆರ್. ಸಿಂಹ ಅವರು ಅದರಿಂದ ಮಾಡಿದ ಸಿನೆಮಾ ನೋಡಿದವರಿಗೂ ಈ ಹೆಸರು ಹೊಸದಲ್ಲ.

ದಮ್ಮನಕಟ್ಟೆಯ ಸಫಾರಿ ಕೇಂದ್ರದಲ್ಲಿ ಮಧ್ಯಾಹ್ನದ ಸರತಿಗೆ ನಿಂತೆವು. ನಮ್ಮ ಬಸ್ಸಿನಲ್ಲಿ ತೋಳುದ್ದದ ಲೆನ್ಸು ಹಿಡಿದ ನಾಲ್ಕು ಮಂದಿ, ಬೆಂಗಳೂರಿನ ಎರಡು ಸಂಸಾರ, ಮತ್ತೆ ನಾವು ಐವರು. ಚಾಲಕ ಮೂವತ್ತರ ಒಳಗಿನ ಹುಡುಗ. ಶುರುವಿನಲ್ಲೇ ಹೇಳಿಬಿಟ್ಟ: ಕೆಳಗೆ ಇಳಿಯುವಂತಿಲ್ಲ, ಕೂಗುವಂತಿಲ್ಲ, ತಿಂದದ್ದನ್ನು ಎಸೆಯುವಂತಿಲ್ಲ.

ನನ್ನ ಮಗನಿಗೆ ಕಪ್ಪು ಚಿರತೆ ಬೇಕಿತ್ತು. ಕಬಿನಿಯ ಕಪ್ಪು ಚಿರತೆಗೆ ಈಗ ಲೋಕಪ್ರಸಿದ್ಧಿ. ಅದು ಬೇರೆ ಜಾತಿಯಲ್ಲ, ಬಣ್ಣ ಹೆಚ್ಚಾದ ಸಾಮಾನ್ಯ ಚಿರತೆಯೇ. ತಾಯಿ ತಂದೆ ಇಬ್ಬರಿಂದಲೂ ಆ ಗುಣ ಬಂದರೆ ಮಾತ್ರ ಮರಿ ಕಪ್ಪಾಗುತ್ತದೆ ಎಂದು ನನ್ನ ಹಳೆಯ ಪ್ರಾಣಿಶಾಸ್ತ್ರವನ್ನು ಬಿಚ್ಚಿದೆ. “ನೋಡಿದ ಮೇಲೆ ಹೇಳಿ ಪಪ್ಪಾ” ಎಂದ. ನೋಡಲಿಲ್ಲವಾದ್ದರಿಂದ ಪಾಠ ಅಲ್ಲಿಗೇ ನಿಂತಿತು. ಕಂಡದ್ದು ಚುಕ್ಕೆ ಜಿಂಕೆಗಳ ದೊಡ್ಡ ಹಿಂಡುಗಳು, ಕೆಸರಿನಲ್ಲಿ ಮೈ ಹೊರಳಿಸುತ್ತಿದ್ದ ಎರಡು ಕಡವೆ, ದಾರಿಗೆ ಅಡ್ಡ ನಿಂತು ನಮ್ಮನ್ನೇ ವಿಚಾರಣೆ ಮಾಡುವಂತೆ ನೋಡಿದ ಒಂದು ಒಂಟಿ ಕಾಟಿ, ಬಾಲ ಎತ್ತಿಕೊಂಡು ಓಡಿದ ಆರು ಸೀಳುನಾಯಿಗಳು. ಒಂದು ಕಡೆ ಮುಸುವಗಳು ಮರದ ಮೇಲಿನಿಂದ ಕೆಮ್ಮಿದ ಹಾಗೆ ಕೂಗತೊಡಗಿದವು. ಹುಲಿಯೋ ಚಿರತೆಯೋ ಇದೆಯೆಂದು ಚಾಲಕ ಬಸ್ಸು ನಿಲ್ಲಿಸಿದ. ಲೆನ್ಸುಗಳೆಲ್ಲ ಒಂದೇ ಕಡೆ ತಿರುಗಿದವು. ಇಪ್ಪತ್ತು ನಿಮಿಷ ಉಸಿರು ಬಿಗಿಹಿಡಿದು ಕಾದೆವು. ಏನೂ ಬರಲಿಲ್ಲ. ಅಮ್ಮನಿಗೆ ತೂಕಡಿಕೆ ಬಂತು.

ತೇಗದ ತೋಪು ಮುಗಿದು ಬಸ್ಸು ಒಂದು ಇಳಿಜಾರಿಗೆ ಬಂತು. ಎದುರಿಗೆ ಇದ್ದಕ್ಕಿದ್ದಂತೆ ಬಯಲು. ಬೇಸಿಗೆಯಲ್ಲಿ ಕಾಡೆಲ್ಲ ಒಣಗಿ ಕಂದಾಗಿರುವಾಗ ಅಲ್ಲಿ ಕಣ್ಣು ಹಾಯುವಷ್ಟು ದೂರ ಹಸಿರು ಹುಲ್ಲು, ಅದರಾಚೆ ಬೆಳ್ಳಗೆ ನೀರು. ನೀರಿನ ನಡುವೆ ನೂರಾರು ಒಣ ಮರಗಳ ಬೊಡ್ಡೆಗಳು ನಿಂತಿದ್ದವು; ಒಂದೊಂದರ ತುದಿಯಲ್ಲೂ ರೆಕ್ಕೆ ಹರಡಿ ಕೂತ ನೀರುಕಾಗೆ. ಹುಲ್ಲಿನ ಮೇಲೆ ಆನೆಗಳು. ಒಂದಲ್ಲ, ಎರಡಲ್ಲ. ಹತ್ತರ ಒಂದು ಗುಂಪು, ಹದಿನೈದರ ಇನ್ನೊಂದು, ದೂರದಲ್ಲಿ ನೀರಿನಂಚಿಗೆ ಮತ್ತೊಂದು.

ಇದಕ್ಕೆ ಕಾರಣವಿದೆ. ಮಳೆಗಾಲದಲ್ಲಿ ತುಂಬಿದ ಜಲಾಶಯದ ನೀರನ್ನು ಗದ್ದೆಗಳಿಗೆ, ಕುಡಿಯುವುದಕ್ಕೆ ಬಿಡುತ್ತಾ ಬಂದ ಹಾಗೆ ಬೇಸಿಗೆಯ ಹೊತ್ತಿಗೆ ಹಿನ್ನೀರು ಇಳಿಯುತ್ತದೆ. ಬರಿದಾದ ನೆಲದ ಹೂಳಿನಲ್ಲಿ ಎಳೆಯ ಹುಲ್ಲು ಏಳುತ್ತದೆ. ಒಳಕಾಡಿನ ಕೆರೆಗಳು ಬತ್ತಿ, ಮೇವು ಒಣಗಿದಾಗ ನಾಗರಹೊಳೆ, ಬಂಡೀಪುರ, ವಯನಾಡುಗಳ ಆನೆಗಳೆಲ್ಲ ಇಲ್ಲಿಗೆ ಇಳಿದು ಬರುತ್ತವೆ. ಏಷ್ಯದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ಜಾಗಗಳಲ್ಲಿ ಇದು ಹೆಸರಾದದ್ದು. ಅಣೆಕಟ್ಟು ಆಗದಿದ್ದರೆ ಆ ಹುಲ್ಲುಗಾವಲು ಇಲ್ಲ.

ಮಗ ಬೆರಳು ಮಡಿಸಿ ಎಣಿಸಿದ. ನಲವತ್ತಮೂರು. ಅವನು ಆಫ್ರಿಕವನ್ನು ಮರೆತದ್ದು ಆ ಬೆರಳುಗಳಲ್ಲಿ ಕಾಣುತ್ತಿತ್ತು. ಆಫ್ರಿಕದಲ್ಲಿ ಹೆಣ್ಣಾನೆಗೂ ದಂತವಿರುತ್ತದೆ, ಕಿವಿ ಮೊರಕ್ಕಿಂತ ದೊಡ್ಡದು, ನಮ್ಮಲ್ಲಿ ಗಂಡಿಗೆ ಮಾತ್ರ ಉದ್ದ ದಂತ ಎಂದು ಪಿಸುಮಾತಿನಲ್ಲಿ ಹೇಳುತ್ತಿದ್ದೆ. ಆಗ ನನ್ನ ಹಿಂದಿನ ಸೀಟಿನಿಂದ ಅಮ್ಮನ ಧ್ವನಿ ಬಂತು, ಬಸ್ಸಿಗೆಲ್ಲ ಕೇಳುವಷ್ಟು ಜೋರಾಗಿ:

“ಏನಪ್ಪಾ, ಡ್ರೈವರಪ್ಪಾ, ಇದು ಯಾವ ಊರ ಬಯಲು?”

ಲೆನ್ಸಿನವರಲ್ಲಿ ಒಬ್ಬರು ತುಟಿಯ ಮೇಲೆ ಬೆರಳಿಟ್ಟು ತಿರುಗಿ ನೋಡಿದರು. ಚಾಲಕ ಇಂಜಿನ್ ನಿಲ್ಲಿಸಿ, “ಊರು ಯಾವುದೂ ಇಲ್ಲ ಕಣಮ್ಮ, ಹಿನ್ನೀರು” ಎಂದ.

ಅಮ್ಮ ಊರಿನ ಹೆಸರು ಹೇಳಿದರು. ನಲವತ್ತೊಂಬತ್ತು 	ವರ್ಷದಲ್ಲಿ ಆ ಹೆಸರನ್ನು ಪರರ ಮುಂದೆ ಅವರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಚಾಲಕ ಸೀಟಿನಿಂದ ಪೂರ್ತಿ ಹಿಂದಕ್ಕೆ ತಿರುಗಿದ. “ಆ ಊರಿನೋರಾ? ನಮ್ಮಜ್ಜಿನೂ ಆ ಹೆಸರು ಹೇಳೋಳು. ನಮ್ಮಜ್ಜಿದು ಅದರ ಪಕ್ಕದ ಹಳ್ಳಿ. ಅದು ಇಲ್ಲಲ್ಲ ಅಮ್ಮ, ಇನ್ನೂ ಒಳಕ್ಕೆ. ಆ ಒಣಮರ ಕಾಣ್ತವಲ್ಲ, ಅದರಾಚೆ. ಬೇಸಿಗೇಲೂ ನೀರು ಬಿಡಲ್ಲ.” ಕೈ ಚಾಚಿ ತೋರಿಸಿದ.

ಅಮ್ಮ ಸೀಟಿನಿಂದ ಎದ್ದು, ಸರಳನ್ನು ಹಿಡಿದು ನಿಂತು ನೋಡಿದರು. ನೋಡಲು ಅಲ್ಲಿ ನಿಜಕ್ಕೂ ಏನೂ ಇರಲಿಲ್ಲ. ನೀರು, ಬೊಡ್ಡೆ, ಅದರಾಚೆ ಕೇರಳದ ಕಡೆಯ ಬೆಟ್ಟಗಳ ಸಾಲು. ಬೆಟ್ಟಗಳನ್ನು ಅವರು ಗುರುತು ಹಿಡಿದರೆಂದು ಆಮೇಲೆ ಹೇಳಿದರು. ಆಗ ಹೇಳಿದ್ದು ಇಷ್ಟೇ: “ಆ ಮರಗಳು ನಾವು ಬಿಟ್ಟಾಗ ಹಸಿರಾಗಿದ್ವು.”

ಸ್ವಲ್ಪ ಹೊತ್ತಿನ ಮೇಲೆ ಆನೆಗಳ ಕಡೆ ತಿರುಗಿ ಮೊಮ್ಮಗನಿಗೆ ಹೇಳತೊಡಗಿದರು. “ಇವೆಲ್ಲ ನಮ್ಮ ರಾಗಿ ಹೊಲಕ್ಕೆ ಬರ್ತಿದ್ವು ಕಣೋ. ಪೈರು ಹಾಲುಗಟ್ಟಿತು ಅಂದ್ರೆ ಇವಕ್ಕೆ ಎಲ್ಲಿಂದ ಗೊತ್ತಾಗ್ತಿತ್ತೋ. ನಮ್ಮಪ್ಪ ಅಟ್ಟಣೆ ಮೇಲೆ ರಾತ್ರಿಯೆಲ್ಲ ಕೂತ್ಕೊಂಡು ಡಬ್ಬ ಬಡಿಯೋರು. ನಾನು ಬುತ್ತಿ ಕೊಟ್ಟು, ಅಲ್ಲೇ ಕೂತ್ಕೊಂಡು ಕೂಗ್ತಿದ್ದೆ. ಈಗ ಬಡಿಯೋರು ಯಾರೂ ಇಲ್ಲ. ನೆಮ್ಮದಿಯಾಗಿ ಮೇಯ್ತಾವೆ.” ದನಿಯಲ್ಲಿ ಸಿಟ್ಟು ಇರಲಿಲ್ಲ, ಸಂತೋಷವೆಂದೂ ನಾನು ಹೇಳಲಾರೆ.

ಬೆರಳಿಟ್ಟು ಗದರಿದ್ದವರು ಅಷ್ಟು ಹೊತ್ತಿಗೆ ಕ್ಯಾಮೆರಾ ಕೆಳಗಿಟ್ಟು ಅಮ್ಮನ ಮಾತು ಕೇಳುತ್ತಿದ್ದರು.

ಆ ರಾತ್ರಿ ಮೈಸೂರಿನ ಮಹಡಿಯ ಮೇಲೆ ಚಾಪೆ ಹಾಸಿಕೊಂಡು ಕೂತಾಗ ಅಮ್ಮ ತಾವಾಗಿಯೇ ಖೆಡ್ಡಾದ ಕಥೆ ತೆಗೆದರು. ಕಾಡಾನೆಗಳನ್ನು ಗುಂಪಾಗಿ ಅಟ್ಟಿ ಹಿಡಿಯುವ ಈ ಪದ್ಧತಿಯನ್ನು ಮೈಸೂರು ಸೀಮೆಯಲ್ಲಿ 1870ರ ದಶಕದಲ್ಲಿ ಶುರುಮಾಡಿದವನು ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ. ಮುಂದೆ ಕಾಕನಕೋಟೆಯ ಖೆಡ್ಡಾ ದೇಶವಿದೇಶದ ಅತಿಥಿಗಳು ಬಂದು ನೋಡುವ ಉತ್ಸವವೇ ಆಯಿತು. ಕೊನೆಯದು ನಡೆದದ್ದು 1971ರಲ್ಲಿ. ಅಮ್ಮನಿಗೆ ಆಗ ಹದಿನಾರು. ಊರಿನವರೆಲ್ಲ ನೋಡಲು ಹೋಗಿದ್ದರಂತೆ.

“ಕುರುಬರು ಪಂಜು ಹಿಡ್ಕೊಂಡು, ತಮಟೆ ಬಡ್ಕೊಂಡು ಮೂರು ಕಡೆಯಿಂದಲೂ ಅಟ್ಕೊಂಡು ಬಂದ್ರು. ಆನೆಗಳಿಗೆ ಹೊಳೆ ಒಂದೇ ದಾರಿ. ಬಿದ್ವು ನೀರಿಗೆ, ಮರಿ ತಾಯಿ ಎಲ್ಲ. ಈಜಿ ದಡ ಹತ್ತಿದ್ರೆ ಅಲ್ಲಿ ದೊಡ್ಡಿ ಕಟ್ಟಿಟ್ಟಿದ್ರು. ಒಳಗೆ ಹೋದ್ವು, ಬಾಗಿಲು ಬಿತ್ತು. ಜನ ಕೈ ತಟ್ಟಿದ್ರು. ನಾನೂ ತಟ್ಟಿದೆ. ರಾತ್ರಿಯೆಲ್ಲ ಅವು ಕೂಗ್ತಿದ್ದದ್ದು ನಮ್ಮೂರಿಗೆ ಕೇಳ್ತಿತ್ತು. ಆಮೇಲೆ ಪಳಗಿದ ಆನೆಗಳನ್ನ ಬಿಟ್ಟು, ಹಗ್ಗ ಹಾಕಿ, ಹರಾಜು ಹಾಕಿದ್ರು. ಮೂರು ವರ್ಷಕ್ಕೆ ನಮ್ಮ ಊರಿಗೂ ಬಂತು. ಆವಾಗ ನಂಗೆ ಅದೇ ಜ್ಞಾಪಕ ಬಂದದ್ದು.”

1972ರಲ್ಲಿ ವನ್ಯಜೀವಿ ರಕ್ಷಣೆಯ ಕಾಯಿದೆ ಬಂತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಖೆಡ್ಡಾ ಮತ್ತೆ ನಡೆಯಲಿಲ್ಲ. 2023ರ ಆಗಸ್ಟಿನಲ್ಲಿ ಪ್ರಕಟವಾದ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳು, ದೇಶದಲ್ಲೇ ಹೆಚ್ಚು. ಈ ಲೆಕ್ಕ ಓದಿ ಸಂತೋಷಪಡದವರು ಯಾರು? ನನಗೂ ಸಂತೋಷವೇ. ಆದರೆ ಆ ಮಹಡಿಯ ಮೇಲೆ ಕೂತಾಗ ನನ್ನ ತಲೆಯಲ್ಲಿ ಓಡಿದ ಲೆಕ್ಕ ಬೇರೆ. ಅಟ್ಟಿದ ಆನೆಗಳ ಸಂತತಿ ತಿರುಗಿ ಬಂದು ಅದೇ ದಂಡೆಯಲ್ಲಿ ಮೇಯುತ್ತಿದೆ. ನಾವು ಟಿಕೆಟು ಕೊಂಡು ನೋಡಲು ಬಂದಿದ್ದೇವೆ.

“ನಿಮಗೆ ಸಿಟ್ಟಿಲ್ವಾ ಅತ್ತೆ?” ಎಂದು ನನ್ನ ಹೆಂಡತಿ ಕೇಳಿಯೇಬಿಟ್ಟಳು. ಅಮ್ಮ ಸ್ವಲ್ಪ ಯೋಚಿಸಿ, “ನಮಗೆ ಮುಂಬಯಿ ಸಿಕ್ತಲ್ಲವ್ವ. ಕಾಡಿನೊಳಗಿದ್ದ ಕುರುಬರಿಗೆ ಏನು ಸಿಕ್ತು? ಕಾಡಂಚಿನ ಹಾಡಿ. ಆನೆ ಅಟ್ಟೋವಾಗ ಅವರೇ ಬೇಕಾಗಿತ್ತು” ಎಂದರು.

ಹಿಂತಿರುಗುವ ರೈಲಿನಲ್ಲಿ ಮೇಲಿನ ಬರ್ತಿನಿಂದ ಮಗ ತಲೆ ಇಳಿಬಿಟ್ಟು, “ಪಪ್ಪಾ, ಸೆರೆಂಗೆಟಿಯಲ್ಲೂ ಜನ ಇದ್ದರಂತೆ” ಎಂದ. ಅವನೇ ಹುಡುಕಿ ಓದಿದ್ದ. ತಾಂಜಾನಿಯದ ಆ ಪ್ರಸಿದ್ಧ ಬಯಲಿನಲ್ಲಿ ತಲೆತಲಾಂತರದಿಂದ ದನ ಮೇಯಿಸುತ್ತಿದ್ದ ಮಸಾಯಿ ಜನ ಅಲ್ಲಿಂದ ಏಳಬೇಕಾದದ್ದು 1959ರಲ್ಲಿ, ಬ್ರಿಟಿಷರ ಆಳ್ವಿಕೆಯ ಕಾಲಕ್ಕೆ; ಅವರು ಗೊರೊಂಗೊರೊದ ಕಡೆಗೆ ಹೋದರು. ಮಾವನ ಮಕ್ಕಳ ಫೋಟೋಗಳಲ್ಲಿ ಕೆಂಪು ಹೊದಿಕೆ ಹೊದ್ದು, ಎತ್ತರಕ್ಕೆ ಜಿಗಿದು ಕುಣಿಯುತ್ತಿದ್ದವರು ಅದೇ ಜನ. “ಅವರ ಅಜ್ಜಿಯರೂ ಹೋಗಿ ನೋಡ್ತಾರಾ?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಆಫ್ರಿಕಕ್ಕೆ ಹೋಗುವ ಮಾತನ್ನು ಅವನು ಬಿಟ್ಟಿಲ್ಲ. ಆದರೆ ಈಗ ಅವನು ಕೇಳುವ ಪ್ರಶ್ನೆಗಳು ಬೇರೆ.

ಮುಂಬಯಿಗೆ ಬಂದ ವಾರದಲ್ಲಿ ನೈರೋಬಿಯಿಂದ ಫೋನು ಬಂತು. ಮಗ ಹೇಳುತ್ತಿದ್ದದ್ದು ಒಳಕೋಣೆಗೆ ಕೇಳಿಸಿತು: “ನಮ್ಮ ಅಜ್ಜಿಯ ಹೊಲದಲ್ಲಿ ನಲವತ್ತಮೂರು ಆನೆ ನೋಡಿದೆ.” ಹೊಲ ಅದಲ್ಲವೆಂದು ಚಾಲಕನೇ ಹೇಳಿದ್ದ. ಅಮ್ಮ ಕೇಳಿಸಿಕೊಂಡರೂ ತಿದ್ದಲಿಲ್ಲ.

ಕಚೇರಿಯಲ್ಲಿ ಎಲ್.ಟಿ.ಸಿ. ಬಿಲ್ಲು ಬರೆಯುವಾಗ ‘ಸ್ವಂತ ಊರು’ ಎಂಬಲ್ಲಿ ಪೆನ್ನು ಸ್ವಲ್ಪ ನಿಂತಿತು. ಇಡೀ ಸೇವೆಯಲ್ಲಿ ಒಂದು ಸಲ ಅದನ್ನು ಬದಲಾಯಿಸಿಕೊಳ್ಳಲು ಅವಕಾಶವಿದೆ. ಬದಲಾಯಿಸಿ ಏನೆಂದು ಬರೆಯುವುದು? ನೀರಿನಡಿಯ ಊರಿಗೆ ಹತ್ತಿರದ ರೈಲು ನಿಲ್ದಾಣ ಯಾವುದೆಂದು ಹೇಳುವುದು? ಮೈಸೂರು ಎಂದೇ ಬರೆದು ಸಹಿ ಹಾಕಿದೆ. ನಮ್ಮ ಸಂಘದಲ್ಲಿ ಕೂತು ಊರು ಊರು ಎಂದು ಮಾತಾಡುವ ನಾವೆಷ್ಟು ಮಂದಿ ಹೀಗೆ ಯಾವುದೋ ಒಂದು ಹೆಸರನ್ನು ಬರೆದುಕೊಂಡಿದ್ದೇವೋ ಎಂದು ಅನ್ನಿಸಿತು.

2025ರ ನವೆಂಬರಿನಲ್ಲಿ ಆ ಕಾಡಂಚಿನ ಹಳ್ಳಿಗಳಲ್ಲಿ ಹುಲಿಯ ದಾಳಿಗೆ ರೈತರು ಸತ್ತು, ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ಸರ್ಕಾರ ನಿಲ್ಲಿಸಿದ ಸುದ್ದಿ ಬಂದಾಗ ಅಮ್ಮ ಬಹಳ ಹೊತ್ತು ಟಿ.ವಿ.ಯ ಮುಂದೆ ಕೂತಿದ್ದರು. “ನಾವು ಅಲ್ಲೇ ಇದ್ದಿದ್ರೆ ಈ ಗೋಳು ನಮಗೂ ಇತ್ತು ಕಣಪ್ಪ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಇದ್ದಿದ್ರೆ” ಎಂದು ಇನ್ನೊಮ್ಮೆ ಅಂದರು.

ಒಂದು ಬದಲಾವಣೆಯಾಗಿದೆ. ಜುಲೈ ತಿಂಗಳಲ್ಲಿ ಕಬಿನಿ ಭರ್ತಿಯಾದ ವಾರ್ತೆ ಬಂದರೆ ಅಮ್ಮ ಈಗ ಅಡಿಗೆಮನೆಗೆ ಎದ್ದು ಹೋಗುವುದಿಲ್ಲ. ಮಗಳನ್ನು ಕೂಗುತ್ತಾರೆ: “ಬಾ ಇಲ್ಲಿ, ನಮ್ಮೂರು ತೋರಿಸ್ತಾವ್ರೆ.” ಇಬ್ಬರೂ ಕೂತು, ಬಾಗಿಲಿನಿಂದ ನೊರೆ ಉಕ್ಕಿಸಿ ಹೊರಬೀಳುವ ನೀರನ್ನು ನೋಡುತ್ತಾರೆ.